ತಾಯಿಯ ಬಳುವಳಿಯೂ ಪ್ರೋಟೀನುಗಳ ಪಾರುಪತ್ಯವೂ

ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಮಾತ್ರ ಬರುತ್ತದೆ ಎಂಬ ಮಾತು ಈಗ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠವಾಗಿದೆ. ಮಾತು ಸುಳ್ಳಲ್ಲ. ಮನುಷ್ಯನ ವಿಷಯದಲ್ಲಿ ಅದು 1980ರಲ್ಲಿಯೇ ಪ್ರಯೋಗದಿಂದ ಸ್ಥಿರಪಟ್ಟಿತು. 1987ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ರೆಬೆಕ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಆಲನ್ ವಿಲ್ಸನ್ ಎಂಬ ಮೂವರು ಈ ಎಳೆಯನ್ನೇ ಹಿಡಿದು, ಮಗಳಿಂದ ತಾಯಿಗೆ, ತಾಯಿಯಿಂದ ಅಜ್ಜಿಗೆ ಹಿಂದಕ್ಕೆ ನಡೆದು, ಇಂದಿನ ಮನುಷ್ಯರೆಲ್ಲರ ತಾಯಿಸಾಲುಗಳೂ ಆಫ್ರಿಕದ ಒಬ್ಬ ಹೆಂಗಸಿನಲ್ಲಿ ಕೂಡುತ್ತವೆ ಎಂದು ವಾದಿಸಿದರು. ಪತ್ರಿಕೆಗಳವರು ಆಕೆಗೆ ‘ಈವ್’ ಎಂದು ನಾಮಕರಣ ಮಾಡಿದರು. 2005ರಲ್ಲಿ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಅಂಡಮಾನಿನ ಮೂಲನಿವಾಸಿಗಳ ಪ್ರಾಚೀನತೆಯನ್ನು ಅಳೆದದ್ದೂ ಇದೇ ಕೋಲಿನಿಂದ. ತವರಿನ ಬಳುವಳಿ ಮಗಳ ಹಿಂದೆ ಹೋಗುವಂತೆ ಈ ಡಿ.ಎನ್.ಎ. ಹೆಣ್ಣಿನ ಸಾಲಿನಲ್ಲಿಯೇ ಸಾಗುತ್ತದೆ. ಗಂಡುಮಕ್ಕಳೂ ಅದನ್ನು ಪಡೆಯುತ್ತಾರೆ, ಆದರೆ ಮುಂದಕ್ಕೆ ದಾಟಿಸಲಾರರು.

ಇಷ್ಟು ಕೀರ್ತಿ ಪಡೆದ ವಸ್ತುವಿನ ಸುತ್ತ ಎರಡು ತಪ್ಪು ಕಲ್ಪನೆಗಳು ಬೆಳೆದುಕೊಂಡಿವೆ. ಒಂದು, ಈ ಪುಟ್ಟ ಡಿ.ಎನ್.ಎ. ಜೀವಕೋಶದೊಳಗೆ ತನ್ನಷ್ಟಕ್ಕೆ ತಾನು ಆಳಿಕೊಂಡಿರುವ ಸ್ವತಂತ್ರ ಸಂಸ್ಥಾನ ಎಂಬುದು. ಇನ್ನೊಂದು, ಮೈಟೊಕಾಂಡ್ರಿಯ ಕೆಟ್ಟು ಮಗು ರೋಗಿಯಾಯಿತೆಂದರೆ ಕೆಡುಕು ತಾಯಿಯ ಕಡೆಯಿಂದಲೇ ಬಂದಿರಬೇಕು ಎಂಬುದು. ಮೊದಲನೆಯದು ಪಾಠಪುಸ್ತಕದ ತಪ್ಪು. ಅದರಿಂದ ಯಾರ ಮನೆಯೂ ಮುರಿಯುವುದಿಲ್ಲ. ಎರಡನೆಯದು ಹಾಗಲ್ಲ. ಮಗು ಆಗದಿದ್ದರೂ, ಆದ ಮಗು ಹೆಣ್ಣಾದರೂ, ಹುಟ್ಟಿದ ಮಗು ಅಶಕ್ತವಾದರೂ ಸೊಸೆಯ ಕಡೆಗೆ ಬೆರಳು ತೋರಿಸುವ ಅಭ್ಯಾಸ ನಮ್ಮ ಸಮಾಜಕ್ಕೆ ಹೊಸದಲ್ಲ. ಅಂಥ ಸಮಾಜದ ಕೈಗೆ ‘ಇದು ತಾಯಿಯಿಂದ ಬರುವ ರೋಗ’ ಎಂಬ ಅರ್ಧವಾಕ್ಯವನ್ನು ವಿಜ್ಞಾನದ ಮುದ್ರೆಯೊತ್ತಿ ಕೊಟ್ಟರೆ ಏನಾದೀತು? ಎರಡನೆಯ ತಪ್ಪು ಮೊದಲನೆಯದರ ಹೊಟ್ಟೆಯಲ್ಲಿಯೇ ಹುಟ್ಟಿದ್ದು ಎಂಬುದು ನನ್ನ ವಾದ. ಆ ಸಂಸ್ಥಾನ ಸ್ವತಂತ್ರವಲ್ಲ. ಅದರ ಪಾರುಪತ್ಯವೆಲ್ಲ ಹೊರಗಿನಿಂದ ಬಂದ ಪ್ರೋಟೀನುಗಳ ಕೈಯಲ್ಲಿದೆ. ಆ ಪ್ರೋಟೀನುಗಳ ಜೀನುಗಳನ್ನು ಮಗು ತಂದೆತಾಯಿಗಳಿಬ್ಬರಿಂದಲೂ ಪಡೆದಿರುತ್ತದೆ.

ಮೈಟೊಕಾಂಡ್ರಿಯವೆಂದರೆ, ಉಂಡ ಅನ್ನದ ಸಾರವನ್ನು ಉಸಿರಿನ ಆಮ್ಲಜನಕದೊಡನೆ ಕೂಡಿಸಿ, ದುಡಿಮೆಗೆ ಬೇಕಾದ ಶಕ್ತಿಯನ್ನು ಜೀವಕೋಶಕ್ಕೆ ಒದಗಿಸುವ ಸೂಕ್ಷ್ಮಾಂಗ. ಅದರೊಳಗೂ ಡಿ.ಎನ್.ಎ. ಇದೆಯೆಂದು 1963ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ಎಂಬುವರು ಕೋಳಿಯ ಭ್ರೂಣದ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರು. ಮರುವರ್ಷ ವಿಯೆನ್ನದಲ್ಲಿ ಷಾಟ್ಸ್ ಮತ್ತು ಅವರ ಸಂಗಡಿಗರು ಯೀಸ್ಟಿನ ರಾಸಾಯನಿಕ ಪರೀಕ್ಷೆಯಿಂದ ಅದನ್ನು ದೃಢಪಡಿಸಿದರು. 1981ರಲ್ಲಿ ಕೇಂಬ್ರಿಜ್ಜಿನವರು ಮನುಷ್ಯನ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದರು. ಬಳೆಯಂತೆ ದುಂಡಗಿರುವ ಆ ಹೊತ್ತಗೆಯಲ್ಲಿ 16,569 ಜೋಡಿ ಅಕ್ಷರಗಳು, 37 ಜೀನುಗಳು. ಅವುಗಳಲ್ಲಿ 13 ಮಾತ್ರ ಪ್ರೋಟೀನುಗಳಿಗೆ ಸಂಬಂಧಪಟ್ಟವು. ಉಳಿದ 24 ಜೀನುಗಳಿಂದ ಆಗುವುದು ಪ್ರೋಟೀನು ಕಟ್ಟುವ ಕೆಲಸಕ್ಕೆ ಬೇಕಾದ ಆರ್.ಎನ್.ಎ. ಸಲಕರಣೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಮನುಷ್ಯನ ಮೈಟೊಕಾಂಡ್ರಿಯದಲ್ಲಿ ದುಡಿಯುವ ಪ್ರೋಟೀನುಗಳು 1,100ಕ್ಕೂ ಮಿಕ್ಕಿವೆ. ಅವುಗಳಲ್ಲಿ ಮನೆಯಲ್ಲಿ ತಯಾರಾದವು ಹದಿಮೂರು. ಮಿಕ್ಕವೆಲ್ಲ ಕೋಶಕೇಂದ್ರದ ಜೀನುಗಳ ಆದೇಶದಂತೆ ಹೊರಗೆ ಸಿದ್ಧವಾಗಿ ಮೈಟೊಕಾಂಡ್ರಿಯದ ಬಾಗಿಲನ್ನು ದಾಟಿ ಒಳಕ್ಕೆ ಬಂದವು. ಆ ಹದಿಮೂರಾದರೂ ಯಾವುವು? ಉಸಿರಾಟದ ಯಂತ್ರದ ಬಿಡಿಭಾಗಗಳು. ತನ್ನ ಡಿ.ಎನ್.ಎ.ಯನ್ನು ಪ್ರತಿಮಾಡಿಕೊಳ್ಳಲು ಅಥವಾ ಓದಿಸಿಕೊಳ್ಳಲು ಬೇಕಾದ ಪ್ರೋಟೀನು ಅವುಗಳಲ್ಲಿ ಒಂದಾದರೂ ಇಲ್ಲ! ಓಲೆಗರಿಯ ಕಟ್ಟು ಮನೆಯಲ್ಲಿದೆ. ಕಟ್ಟನ್ನು ಬಿಚ್ಚುವವನು, ಓದುವವನು, ಪ್ರತಿಮಾಡುವವನು, ಪ್ರತಿಯ ತಪ್ಪು ತಿದ್ದುವವನು ಎಲ್ಲರೂ ಪರಸ್ಥಳದವರು. ಇಂಥ ಮನೆಯನ್ನು ಸ್ವತಂತ್ರವೆನ್ನುವುದು ಹೇಗೆ?

ಈ ಸ್ಥಿತಿ ಮೊದಲಿನಿಂದ ಇದ್ದದ್ದಲ್ಲ. ಮೈಟೊಕಾಂಡ್ರಿಯದ ಪೂರ್ವಜ ಬಿಡಿಯಾಗಿ ಬಾಳುತ್ತಿದ್ದ ಒಂದು ಬ್ಯಾಕ್ಟೀರಿಯ. ಅದು ಬೇರೊಂದು ಕೋಶದೊಳಗೆ ಹೊಕ್ಕು ಅಲ್ಲಿಯೇ ಒಕ್ಕಲಾಯಿತು. 1967ರಲ್ಲಿ ಲಿನ್ ಮಾರ್ಗುಲಿಸ್ ಈ ಹಳೆಯ ಮತವನ್ನು ಹೊಸ ಪ್ರಮಾಣಗಳೊಡನೆ ಎತ್ತಿ ಹಿಡಿದಾಗ ಒಪ್ಪದವರೇ ಹೆಚ್ಚಾಗಿದ್ದರು. ಈಗ ಅದು ಸರ್ವಸಮ್ಮತ. ಒಕ್ಕಲು ಬಂದ ಬ್ಯಾಕ್ಟೀರಿಯ ಕಾಲಾನುಕ್ರಮದಲ್ಲಿ ತನ್ನ ಜೀನುಗಳಲ್ಲಿ ಬಹುಪಾಲನ್ನು ಕಳೆದುಕೊಂಡಿತು. ಕೆಲವನ್ನು ಒಡೆಯನ ಭಂಡಾರವಾದ ಕೋಶಕೇಂದ್ರಕ್ಕೆ ಒಪ್ಪಿಸಿತು. ರೆಕ್ಲಿನೊಮೊನಾಸ್ ಎಂಬ ಏಕಕೋಶಜೀವಿಯ ಮೈಟೊಕಾಂಡ್ರಿಯದಲ್ಲಿ 97 ಜೀನುಗಳಿವೆಯೆಂದೂ, ಡಿ.ಎನ್.ಎ.ಯನ್ನು ಓದುವ ಬ್ಯಾಕ್ಟೀರಿಯ ಜಾತಿಯ ಕಿಣ್ವದ ಜೀನುಗಳು ಅಲ್ಲಿ ಇನ್ನೂ ಉಳಿದಿವೆಯೆಂದೂ 1997ರಲ್ಲಿ ತಿಳಿಯಿತು. ನಮ್ಮಲ್ಲಿ ಅವು ಇಲ್ಲ. ಅವುಗಳ ಜಾಗಕ್ಕೆ ಬಂದವರು ಯಾರು ಎಂಬುದು ಇನ್ನೂ ಸ್ವಾರಸ್ಯವಾದ ಸಂಗತಿ. ಯೀಸ್ಟಿನ ಮೈಟೊಕಾಂಡ್ರಿಯವನ್ನು ಓದುವ ಕಿಣ್ವವು ಬ್ಯಾಕ್ಟೀರಿಯದ ಕಿಣ್ವವನ್ನು ಹೋಲುವುದಿಲ್ಲ, ಬ್ಯಾಕ್ಟೀರಿಯಗಳನ್ನು ಕೊಲ್ಲುವ ಟಿ-3, ಟಿ-7 ಎಂಬ ವೈರಸ್ಸುಗಳ ಕಿಣ್ವವನ್ನು ಹೋಲುತ್ತದೆ ಎಂದು 1987ರಲ್ಲಿ ಕಂಡುಬಂತು. ಮನುಷ್ಯನಲ್ಲಿಯೂ ಹಾಗೆಯೇ. ಬ್ಯಾಕ್ಟೀರಿಯದ ವಂಶಕ್ಕೆ ಸೇರಿದ ಹೊತ್ತಗೆಯನ್ನು ಬ್ಯಾಕ್ಟೀರಿಯದ ಹಗೆಗಳ ದಾಯಾದಿಗಳು ಓದಿಹೇಳುತ್ತಿದ್ದಾರೆ.

ಪಾರುಪತ್ಯಗಾರರಲ್ಲಿ ಮೊದಲು ಹೇಳತಕ್ಕದ್ದು ಟಿ-ಫ್ಯಾಮ್ ಎಂಬ ಪ್ರೋಟೀನನ್ನು. ಮೈಟೊಕಾಂಡ್ರಿಯದ ಡಿ.ಎನ್.ಎ. ಬಳೆಯನ್ನು ಕತ್ತರಿಸಿ ನೇರವಾಗಿ ಚಾಚಿದರೆ ಅದರ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗಕ್ಕೂ ಹೆಚ್ಚು. ಆದರೆ ಅದು ಇರುವ ಗಂಟಿನ ಅಡ್ಡಳತೆ ಅದರ ಐವತ್ತರಲ್ಲಿ ಒಂದು ಪಾಲಿನಷ್ಟು. ಈ ಗಂಟಿಗೆ ನ್ಯೂಕ್ಲಿಯಾಯ್ಡ್ ಎಂದು ಹೆಸರು. ಸಾಮಾನ್ಯವಾಗಿ ಒಂದು ಗಂಟಿನಲ್ಲಿ ಒಂದೇ ಬಳೆ. ಗಂಟು ಕಟ್ಟುವವನು ಟಿ-ಫ್ಯಾಮ್. ಅದು ಡಿ.ಎನ್.ಎ. ಎಳೆಯನ್ನು ಹಿಡಿದು ಲಾಳದ ಆಕಾರಕ್ಕೆ ಪೂರ್ತಿಯಾಗಿ ಬಗ್ಗಿಸಿಬಿಡುತ್ತದೆ. 2011ರಲ್ಲಿ ಎರಡು ಪ್ರಯೋಗಶಾಲೆಗಳು ಬೇರೆಬೇರೆಯಾಗಿ ಅದರ ಸ್ಫಟಿಕಗಳನ್ನು ಕ್ಷಕಿರಣದಿಂದ ಪರೀಕ್ಷಿಸಿ ಈ ಬಾಗನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವು. ಒಂದು ಬಳೆಗೆ ಸುಮಾರು ಸಾವಿರ ಟಿ-ಫ್ಯಾಮ್ ಅಣುಗಳು ಅಂಟಿರುತ್ತವೆ.

ಗಂಟು ಕಟ್ಟುವುದಷ್ಟೇ ಇದರ ಕೆಲಸವಾಗಿದ್ದರೆ ಇಷ್ಟು ವಿಸ್ತಾರವಾಗಿ ಹೇಳಬೇಕಾಗಿರಲಿಲ್ಲ. ಓದಬೇಕಾದ ಜಾಗವನ್ನು ತೋರಿಸಿ ಓದುವ ಕಿಣ್ವವನ್ನು ಅಲ್ಲಿಗೆ ಕರೆದು ಕೂರಿಸುವುದೂ ಇದೇ ಪ್ರೋಟೀನು. ಎಂದರೆ, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಡುವವನೇ ಪುಟ ತೆರೆದು ಕೊಡುವವನೂ ಹೌದು. ಎರಡೂ ಕೆಲಸ ಒಬ್ಬನದೇ ಆದಾಗ ಪ್ರಮಾಣದ ಪ್ರಶ್ನೆ ಬರುತ್ತದೆ. ಟಿ-ಫ್ಯಾಮ್ ತೀರ ಕಡಿಮೆಯಾದರೆ ಓದು ಮೊದಲಾಗದು. ತೀರ ಹೆಚ್ಚಾದರೆ ಗಂಟು ಬಿಗಿದು ಓದುವವರಿಗೆ ಎಡೆಯೇ ಸಿಕ್ಕದು. ಈ ಪ್ರಮಾಣ ಸ್ವಲ್ಪ ಏರಿಳಿದರೂ ಗಂಟಿನ ಬಿಗಿ ಬಹಳ ವ್ಯತ್ಯಾಸವಾಗುತ್ತದೆಂದು ಪ್ರಯೋಗನಾಳಿಕೆಯಲ್ಲಿ ಕಂಡಿದ್ದಾರೆ. ಜೀವಕೋಶದೊಳಗೆ ಬಹುಪಾಲು ಗಂಟುಗಳು ಮುಚ್ಚಿಕೊಂಡೇ ಇರುತ್ತವೆ, ಕೆಲವು ಮಾತ್ರ ತೆರೆದಿದ್ದು ಕೆಲಸ ನಡೆಸುತ್ತವೆ ಎಂದು 2024ರ ಒಂದು ಅಧ್ಯಯನ ತೋರಿಸಿತು. ಒಂದು ಕೋಶದಲ್ಲಿ ನೂರಾರು, ಸಾವಿರಾರು ಪ್ರತಿಗಳಿದ್ದರೂ ಓದಿಸಿಕೊಳ್ಳುತ್ತಿರುವವು ಕೆಲವೇ! ಡಿ.ಎನ್.ಎ.ಗೆ ಅಂಟದೆ ಉಳಿದ ಟಿ-ಫ್ಯಾಮನ್ನು ಕಡಿದುಹಾಕಲು ಲಾನ್ ಎಂಬ ಇನ್ನೊಂದು ಕಿಣ್ವವಿದೆ. ಪಾರುಪತ್ಯಗಾರನ ಮೇಲೂ ಒಬ್ಬ ತನಿಖೆಯವನು.

ಈ ಪ್ರೋಟೀನು ಇಲ್ಲವಾದರೆ ಏನಾಗುತ್ತದೆ? 1998ರಲ್ಲಿ ಸ್ವೀಡನ್ನಿನ ಲಾರ್ಸನ್ ಮತ್ತು ಅವರ ಸಂಗಡಿಗರು ಇಲಿಗಳಲ್ಲಿ ಇದನ್ನು ಪರೀಕ್ಷಿಸಿದರು. ಟಿ-ಫ್ಯಾಮ್ ಜೀನಿನ ಒಂದು ಪ್ರತಿಯನ್ನು ಮಾತ್ರ ಕಳೆದುಕೊಂಡ ಇಲಿಗಳಲ್ಲಿ ಮೈಟೊಕಾಂಡ್ರಿಯದ ಡಿ.ಎನ್.ಎ. ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯಿತು. ಎರಡೂ ಪ್ರತಿಗಳನ್ನು ಕಳೆದುಕೊಂಡ ಭ್ರೂಣಗಳಲ್ಲಿ ಅದು ಇಲ್ಲವೇ ಇಲ್ಲವಾಯಿತು. ಅವು ಗರ್ಭದಲ್ಲಿಯೇ ಸತ್ತವು. ಗಮನಿಸಿ: ಆ ಭ್ರೂಣಗಳಿಗೆ ತಾಯಿ ಕೊಟ್ಟ ಬಳುವಳಿಯಲ್ಲಿ ಕೊರತೆ ಇರಲಿಲ್ಲ. ಕೊಟ್ಟದ್ದನ್ನು ಕಾಯುವ ಕೈ ಇಲ್ಲದೆ ಬಳುವಳಿ ಕರಗಿಹೋಯಿತು.

ಇನ್ನು ಓದಿನ ರೀತಿ. ಓದುವ ಕಿಣ್ವ ಒಂದು ಕಡೆ ಹಿಡಿದರೆ ಜೀನಿನಿಂದ ಜೀನಿಗೆ ನಿಲ್ಲದೆ ಬಹುಮಟ್ಟಿಗೆ ಬಳೆಯುದ್ದಕ್ಕೂ ಓದಿಕೊಂಡೇ ಹೋಗುತ್ತದೆ. ಹಳಗನ್ನಡದ ಓಲೆಗರಿಗಳಲ್ಲಿ ಪದಪದಗಳ ನಡುವೆ ಎಡೆಯಿಲ್ಲದೆ ಬರೆದಿರುವುದನ್ನು ಕಂಡವರಿಗೆ ಈ ಕಷ್ಟ ಅರ್ಥವಾಗುತ್ತದೆ. ಪದ ಬಿಡಿಸುವುದು ಬೇರೆಯವರ ಕೆಲಸ. ಇಲ್ಲಿ ಜೀನುಜೀನುಗಳ ನಡುವೆ ಚಿಕ್ಕ ಟಿ-ಆರ್.ಎನ್.ಎ.ಗಳು ವಿರಾಮಚಿಹ್ನೆಗಳಂತೆ ಕೂತಿವೆ ಎಂದು 1981ರಲ್ಲಿ ಅಟಾರ್ಡಿಯವರ ಪ್ರಯೋಗಶಾಲೆ ತೋರಿಸಿತು. ಆ ಚಿಹ್ನೆಗಳ ಎರಡು ಕಡೆಯೂ ಕತ್ತರಿ ಹಾಕುವ ಪ್ರೋಟೀನುಗಳು ಬೇರೆ. ಕತ್ತರಿಸಿದ ತುಂಡುಗಳು ಹಾಳಾಗದಂತೆ ಕಾಯುವವು ಬೇರೆ. ಆ ಕಾವಲುಗಾರರಲ್ಲಿ ಒಂದಕ್ಕೆ ಎಲ್.ಆರ್.ಪಿ.ಪಿ.ಆರ್.ಸಿ. ಎಂಬ ಬಾಯಿಗೆ ಹಿಡಿಯದ ಹೆಸರಿದೆ. ಹೆಸರನ್ನು ಮರೆಯಬಹುದು, ಆದರೆ ಪ್ರೋಟೀನನ್ನು ಮರೆಯಬಾರದು. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಓದುವುದಕ್ಕೂ ಪ್ರತಿಮಾಡುವುದಕ್ಕೂ ಇಲ್ಲಿ ಒಂದು ವಿಚಿತ್ರವಾದ ನಂಟಿದೆ. ಡಿ.ಎನ್.ಎ.ಯನ್ನು ಪ್ರತಿಮಾಡುವ ಕಿಣ್ವಕ್ಕೆ ತಾನಾಗಿ ಪ್ರಾರಂಭಿಸುವ ಶಕ್ತಿಯಿಲ್ಲ. ಬರೆಯಲು ಮೊದಲು ಯಾರಾದರೂ ಒಂದೆರಡು ಅಕ್ಷರ ಹಾಕಿಕೊಡಬೇಕು. ಮೈಟೊಕಾಂಡ್ರಿಯದಲ್ಲಿ ಈ ಉಪಕ್ರಮವನ್ನು ಮಾಡಿಕೊಡುವುದು ಓದುವ ಕಿಣ್ವವೇ. ಅದು ಹೊರಟು ಸ್ವಲ್ಪ ದೂರ ಹೋಗಿ ಒಂದು ತೊಡಕಿನ ಜಾಗದಲ್ಲಿ ನಿಂತುಬಿಟ್ಟರೆ, ಅದು ಬಿಟ್ಟ ತುಂಡನ್ನು ಹಿಡಿದು ಪ್ರತಿಯ ಕೆಲಸ ಮೊದಲಾಗುತ್ತದೆ. ನಿಲ್ಲದೆ ತೊಡಕನ್ನು ದಾಟಿದರೆ ಜೀನುಗಳ ಓದು ಸಾಗುತ್ತದೆ. ಟೆಫಮ್ ಎಂಬ ಪ್ರೋಟೀನು ಜೊತೆಗಿದ್ದರೆ ಓದು ಮುಂದುವರಿಯುತ್ತದೆ, ಇಲ್ಲದಿದ್ದರೆ ಪ್ರತಿಯಾಗುತ್ತದೆ. ಆದುದರಿಂದ ಅದೇ ಇಲ್ಲಿನ ಕೀಲು ಎಂದು 2015ರಲ್ಲಿ ಪ್ರಯೋಗನಾಳಿಕೆಯ ಸಾಕ್ಷ್ಯದಿಂದ ಹೇಳಿದರು. ಬಹಳ ಅಂದವಾದ ವಿವರಣೆ. ಆದರೆ 2019ರಲ್ಲಿ ಇಲಿಯ ಹೃದಯದಲ್ಲಿ ಆ ಪ್ರೋಟೀನನ್ನು ತೆಗೆದು ನೋಡಿದಾಗ ಓದೂ ಕುಗ್ಗಿತು, ಪ್ರತಿಯೂ ಕುಗ್ಗಿತು. ಅದಿಲ್ಲದೆ ಓದುವ ಕಿಣ್ವ ಆ ತೊಡಕಿನ ಜಾಗದವರೆಗಾದರೂ ಹೋಗದೆ ದಾರಿಯಲ್ಲಿಯೇ ಕೈಬಿಡುತ್ತಿತ್ತು. ಅಂದವಾದ ವಿವರಣೆಗಳ ಬಗ್ಗೆ ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ಎಚ್ಚರವಾಗಿರುವುದು ಒಳ್ಳೆಯದು.

ಪ್ರತಿಮಾಡುವ ಲಿಪಿಕಾರನ ಹೆಸರು ಪಾಲಿಮರೇಸ್ ಗಾಮಾ. ಅದರ ಮುಂದೆ ಟ್ವಿಂಕಲ್ ಎಂಬ ಪ್ರೋಟೀನು ಹೆಣೆದ ಎರಡು ಎಳೆಗಳನ್ನು ಬಿಡಿಸಿಕೊಡುತ್ತ ಸಾಗುತ್ತದೆ. ಬಿಡಿಸಿದ ಒಂಟಿ ಎಳೆಯನ್ನು ಇನ್ನೊಂದು ಪ್ರೋಟೀನು ಹೊದಿಸಿ ಕಾಪಾಡುತ್ತದೆ. ಈ ಮೂರನ್ನೇ ಒಂದು ನಾಳಿಕೆಯಲ್ಲಿ ಕೂಡಿಸಿ, ಮೈಟೊಕಾಂಡ್ರಿಯದ ಬಳೆಯಷ್ಟು ಉದ್ದದ ಪ್ರತಿಯನ್ನು 2004ರಲ್ಲಿ ಸ್ವೀಡನ್ನಿನವರು ಹೊರಗೆಯೇ ಬರೆಸಿದರು. ಪ್ರತಿ ಹೊರಟದ್ದೆಲ್ಲ ಮುಗಿಯುತ್ತದೆಂದು ತಿಳಿಯಬಾರದು. ಬಹುಪಾಲು ಪ್ರತಿಗಳು ಆರುನೂರು ಚಿಲ್ಲರೆ ಅಕ್ಷರಗಳಲ್ಲಿಯೇ ನಿಂತುಹೋಗುತ್ತವೆ. ಮುಂದುವರಿದ ಪ್ರತಿ ಬಳೆಯ ಮೂರರಲ್ಲಿ ಎರಡು ಪಾಲನ್ನು ದಾಟಿದ ಮೇಲೆ ಎರಡನೆಯ ಎಳೆಯ ಪ್ರತಿ ಹಿಮ್ಮುಖವಾಗಿ ಹೊರಡುತ್ತದೆ. ಇದು ಬಹುಜನರು ಒಪ್ಪಿರುವ ಕ್ರಮ. ಎರಡೆಳೆಗಳೂ ಒಟ್ಟಿಗೆ ಪ್ರತಿಯಾಗುತ್ತವೆ ಎನ್ನುವವರೂ, ಮೊದಲ ಎಳೆಯನ್ನು ಆರ್.ಎನ್.ಎ. ಹೊದಿಸುತ್ತದೆ ಎನ್ನುವವರೂ ಉಂಟು. 2000ದಿಂದೀಚೆಗೆ ಆ ಜಗಳ ನಡೆದೇ ಇದೆ.

ಲಿಪಿಕಾರನು ತಪ್ಪು ಬರೆದರೆ ತಾನೇ ಹಿಂದಿರುಗಿ ಅಳಿಸುವ ಗುಣ ಪಾಲಿಮರೇಸ್ ಗಾಮಾಕ್ಕಿದೆ. ಈ ತಿದ್ದುವ ಗುಣವೊಂದನ್ನೇ ಕೆಡಿಸಿ ಇಲಿಗಳನ್ನು ಬೆಳೆಸಿದ ವರದಿ 2004ರಲ್ಲಿ ಹೊರಬಂತು. ಹುಟ್ಟಿದಾಗ ಅವು ಎಲ್ಲ ಇಲಿಗಳಂತೆಯೇ ಇದ್ದವು. ಆರು ತಿಂಗಳಿನ ಹೊತ್ತಿಗೆ ಕೂದಲು ಉದುರಿತು, ಬೆನ್ನು ಬಾಗಿತು, ಮೂಳೆ ಸವೆಯಿತು, ರಕ್ತ ಕಡಿಮೆಯಾಯಿತು, ಹೃದಯ ಹಿಗ್ಗಿತು. ವರ್ಷ ತುಂಬುವ ವೇಳೆಗೆ ಬಹಳಷ್ಟು ಸತ್ತುಹೋದವು. ಕೆಡಿಸಿದ್ದು ಕೋಶಕೇಂದ್ರದ ಒಂದೇ ಜೀನನ್ನು; ಹಾಳಾದದ್ದು ಮೈಟೊಕಾಂಡ್ರಿಯದ ಹೊತ್ತಗೆ.

ಲಿಪಿಕಾರನನ್ನು ಮೋಸಗೊಳಿಸಿದ ಒಂದು ದುರಂತವೂ ವೈದ್ಯಕೀಯ ಚರಿತ್ರೆಯಲ್ಲಿದೆ. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಫಯಲುರಿಡೀನ್ ಎಂಬ ಔಷಧವನ್ನು ಹೆಪಟೈಟಿಸ್-ಬಿ ರೋಗಿಗಳು 15 ಮಂದಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಅದು ವೈರಸ್ಸಿನ ಡಿ.ಎನ್.ಎ.ಯನ್ನು ತಡೆಯಬೇಕಾದ ಹುಸಿ ಅಕ್ಷರ. ಪಾಲಿಮರೇಸ್ ಗಾಮಾ ಆ ಹುಸಿ ಅಕ್ಷರವನ್ನು ನಿಜವೆಂದು ಹಿಡಿದು ಮೈಟೊಕಾಂಡ್ರಿಯದ ಪ್ರತಿಯೊಳಗೆ ಸೇರಿಸಿತು. ವಾರಗಳು ಕಳೆದಂತೆ ಏಳು ಮಂದಿಯ ಯಕೃತ್ತು ಕುಸಿಯಿತು. ಐವರು ತೀರಿಕೊಂಡರು, ಬದುಕಿದ ಇಬ್ಬರಿಗೆ ಬೇರೆಯವರ ಯಕೃತ್ತನ್ನು ಜೋಡಿಸಬೇಕಾಯಿತು. ವೈರಸ್ಸುಗಳ ವಿರುದ್ಧ ಹುಡುಕುವ ಇಂಥ ಔಷಧಗಳನ್ನು ಈಗ ಈ ಕಿಣ್ವದ ಮೇಲೂ ಪರೀಕ್ಷಿಸಿ ನೋಡುವ ಪದ್ಧತಿ ಬಂದಿರುವುದು ಆ ಐವರ ಸಾವಿನಿಂದ.

ಈಗ ಮನೆಗಳ ಕಡೆಗೆ ಬರೋಣ. 1988ರಲ್ಲಿ ಮೈಟೊಕಾಂಡ್ರಿಯದ ಡಿ.ಎನ್.ಎ.ಯ ದೋಷದಿಂದ ಬರುವ ರೋಗಗಳು ಮೊತ್ತಮೊದಲಿಗೆ ಪತ್ತೆಯಾದವು. ಹದಿಹರೆಯದಲ್ಲಿ, ಯೌವನದಲ್ಲಿ ದೃಷ್ಟಿ ಹೋಗುವ ಒಂದು ರೋಗ ತಾಯಿಯ ಸಾಲಿನಲ್ಲಿ ಇಳಿಯುವುದೆಂದು ಸಿದ್ಧವಾಯಿತು. ‘ತಾಯಿಯಿಂದ ಬರುವ ರೋಗ’ ಎಂಬ ಮಾತಿಗೆ ಬಲ ಬಂದದ್ದು ಆಗಲೇ. ಆದರೆ ಮರುವರ್ಷವೇ ಇಟಲಿಯ ಜೆವಿಯಾನಿ ಮತ್ತು ಅವರ ಸಂಗಡಿಗರು ಬೇರೆ ಬಗೆಯ ಒಂದು ಕುಟುಂಬವನ್ನು ವರ್ಣಿಸಿದರು. ಅಲ್ಲಿ ಕಣ್ಣಿನ ಮಾಂಸಖಂಡಗಳು ಸೋಲುವ ರೋಗವಿತ್ತು. ರೋಗಿಗಳ ಮೈಟೊಕಾಂಡ್ರಿಯದ ಡಿ.ಎನ್.ಎ. ಅಲ್ಲಲ್ಲಿ ತುಂಡಾಗಿ ಕಳೆದುಹೋಗಿತ್ತು. ಆದರೂ ರೋಗ ಇಳಿದದ್ದು ತಾಯಿಯ ಸಾಲಿನಲ್ಲಿ ಅಲ್ಲ, ಕೋಶಕೇಂದ್ರದ ಜೀನುಗಳ ಕ್ರಮದಲ್ಲಿ. ತಂದೆಯಿಂದಲೂ ಬರಬಹುದಾದ ಮೈಟೊಕಾಂಡ್ರಿಯ ರೋಗ! ಈ ಒಗಟು ಬಿಡಿಸಿಕೊಳ್ಳಲು 2001ರವರೆಗೆ ಕಾಯಬೇಕಾಯಿತು. ಆ ವರ್ಷ ಇಂಥ ಕುಟುಂಬಗಳಲ್ಲಿ ದೋಷವಿರುವುದು ಪಾಲಿಮರೇಸ್ ಗಾಮಾದ ಜೀನಿನಲ್ಲಿ ಅಥವಾ ಟ್ವಿಂಕಲ್ಲಿನ ಜೀನಿನಲ್ಲಿ ಎಂದು ತಿಳಿದುಬಂತು. ಹೊತ್ತಗೆಯ ತಪ್ಪಲ್ಲ, ಲಿಪಿಕಾರನ ತಪ್ಪು.

ಆಲ್ಪರ್ಸ್ ಎಂಬ ವೈದ್ಯನ ಹೆಸರಿನ ರೋಗ ಇನ್ನೂ ಕ್ರೂರವಾದುದು. ಮೊದಮೊದಲು ಚೆನ್ನಾಗಿಯೇ ಇದ್ದ ಮಗುವಿಗೆ ಎಷ್ಟು ಔಷಧ ಕೊಟ್ಟರೂ ನಿಲ್ಲದ ಸೆಳವು ಬರುತ್ತದೆ, ಕಲಿತ ಮಾತು ನಡಿಗೆಗಳು ಮರೆಯಾಗುತ್ತವೆ, ಯಕೃತ್ತು ಸೋಲುತ್ತದೆ. ಇದರ ಮೂಲವೂ ಪಾಲಿಮರೇಸ್ ಗಾಮಾದ ಜೀನಿನಲ್ಲಿದೆಯೆಂದು 2004ರಲ್ಲಿ ಗೊತ್ತಾಯಿತು. ಮಗುವಿಗೆ ಈ ರೋಗ ಬರಬೇಕಾದರೆ ಕೆಟ್ಟ ಪ್ರತಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದು ಕೂಡಬೇಕು. ಇಬ್ಬರೂ ತಾವು ಆರೋಗ್ಯವಾಗಿಯೇ ಇರುತ್ತಾರೆ. ಸೆಳವಿಗೆ ಸಾಮಾನ್ಯವಾಗಿ ಕೊಡುವ ವಾಲ್ಪ್ರೊಯೇಟ್ ಎಂಬ ಔಷಧ ಈ ಮಕ್ಕಳ ಯಕೃತ್ತಿಗೆ ಮಾರಕವಾಗಬಲ್ಲದು. ಆದುದರಿಂದ ಕೆಡುಕು ಹೊತ್ತಗೆಯಲ್ಲಿದೆಯೋ ಲಿಪಿಕಾರನಲ್ಲಿದೆಯೋ ಎಂಬುದು ವಿದ್ವಾಂಸರ ಚರ್ಚೆಗೆ ಬಿಡತಕ್ಕ ವಿಷಯವಲ್ಲ. ತಾಯಿಯ ಬಂಧುಗಳನ್ನು ಮಾತ್ರ ವಿಚಾರಿಸಿ, ಅಲ್ಲಿ ರೋಗವಿಲ್ಲವೆಂದು ಕಂಡು, ಮೈಟೊಕಾಂಡ್ರಿಯದ ಶಂಕೆಯನ್ನೇ ಬಿಟ್ಟುಬಿಡುವ ವೈದ್ಯನು ಆ ಔಷಧವನ್ನು ಬರೆದುಕೊಟ್ಟಾನು.

ಹಿಂದೆ ಹೇಳಿದ ಬಾಯಿಗೆ ಹಿಡಿಯದ ಹೆಸರಿನ ಪ್ರೋಟೀನು ಕೆನಡದ ಕ್ವಿಬೆಕ್ ಪ್ರಾಂತದ ಸಾಗನೆ ಸೀಮೆಯಲ್ಲಿ ಬೇರೊಂದು ದುಃಖಕ್ಕೆ ಕಾರಣವಾಗಿದೆ. ಕೆಲವೇ ಕುಟುಂಬಗಳಿಂದ ಬೆಳೆದ ಆ ಜನಸಮುದಾಯದಲ್ಲಿ ಸುಮಾರು 2,000 ಮಕ್ಕಳಲ್ಲಿ ಒಂದು ಲೀ ರೋಗದ ಒಂದು ಬಗೆಗೆ ತುತ್ತಾಗುತ್ತದೆ. 2003ರಲ್ಲಿ ಅದರ ಜೀನು ಸಿಕ್ಕಿತು. ಇಲ್ಲಿಯೂ ದೋಷ ತಂದೆತಾಯಿಗಳಿಬ್ಬರಿಂದ ಬರಬೇಕು. ಸುಮಾರು ಇಪ್ಪತ್ತಮೂರು ಜನರಲ್ಲಿ ಒಬ್ಬರು ಆ ದೋಷವನ್ನು ಹೊತ್ತು ಏನೂ ಅರಿಯದೆ ನಡೆದಾಡುತ್ತಿದ್ದಾರೆ.

ಇದನ್ನು ಓದುವಾಗ ನಮ್ಮ ಕಡೆಯ ನೆಂಟಸ್ತಿಕೆಯ ಕ್ರಮ ನೆನಪಾಗದೆ ಇರದು. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಸಲೀಸಾದ ಸಂಬಂಧ. ಸೋದರಮಾವನಿಗೂ ಅಕ್ಕನ ಮಗಳಿಗೂ ಹುಟ್ಟಿದ ಮಗುವಿನಲ್ಲಿ, ಯಾವುದೇ ಜೀನಿನ ಎರಡು ಪ್ರತಿಗಳೂ ಒಬ್ಬ ಪೂರ್ವಿಕರಿಂದಲೇ ಬಂದಿರುವ ಸಂಭವ ಎಂಟರಲ್ಲಿ ಒಂದು. ಸೋದರತ್ತೆ, ಸೋದರಮಾವಂದಿರ ಮಕ್ಕಳಿಗೆ ಹುಟ್ಟಿದ ಮಗುವಿನಲ್ಲಿ ಹದಿನಾರರಲ್ಲಿ ಒಂದು. ಅಂಥ ಮನೆಯಲ್ಲಿ ಮೈಟೊಕಾಂಡ್ರಿಯದ ರೋಗ ಕಾಣಿಸಿಕೊಂಡರೆ ಮೊದಲು ಯೋಚಿಸಬೇಕಾದದ್ದು ಗಂಡಹೆಂಡಿರಿಬ್ಬರೂ ಹಂಚಿಕೊಂಡಿರುವ ಕೋಶಕೇಂದ್ರದ ಜೀನನ್ನು. ಮಕ್ಕಳಲ್ಲಿ ಕಾಣುವ ಮೈಟೊಕಾಂಡ್ರಿಯ ರೋಗಗಳಲ್ಲಿ ಬಹುಪಾಲು ಈ ಕೋಶಕೇಂದ್ರದ ದೋಷದವೇ. ಹೆಂಡತಿಯೂ ಅದೇ ಮನೆತನದ ರಕ್ತವಾಗಿರುವಾಗ ‘ಅವಳ ಕಡೆಯಿಂದ ಬಂತು’ ಎಂಬ ಮಾತಿಗೆ ಅರ್ಥವಾದರೂ ಏನು?

ತಾಯಿಯ ಸಾಲಿನಲ್ಲಿ ಇಳಿಯುವ ರೋಗಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇವೆ. ಹೊತ್ತಗೆಯ 3,243ನೆಯ ಅಕ್ಷರ ಬದಲಾದರೆ ಕಿವುಡು, ಸಕ್ಕರೆಕಾಯಿಲೆ, ಎಳೆಯ ವಯಸ್ಸಿನ ಪಾರ್ಶ್ವವಾಯು ಮೊದಲಾದವು ಬರಬಹುದೆಂದು 1990ರಿಂದ ತಿಳಿದಿದೆ; ತಾಯಿ ಅದನ್ನು ಮಕ್ಕಳಿಗೆ ದಾಟಿಸಬಲ್ಲಳು. ಆದರೆ ಅಲ್ಲಿಯೂ ಒಬ್ಬಳೇ ತಾಯಿಯ ಮಕ್ಕಳಲ್ಲಿ ಒಂದಕ್ಕೆ ತೀವ್ರವಾಗಿ, ಇನ್ನೊಂದಕ್ಕೆ ಅಲ್ಪವಾಗಿ ಇರುವುದುಂಟು. ಕೆಟ್ಟ ಪ್ರತಿಗಳು ಎಷ್ಟು, ಒಳ್ಳೆಯವು ಎಷ್ಟು ಎಂಬುದರ ಮೇಲೆ ಅದು ನಿಂತಿದೆ. ಅಕ್ಷರ ಬದಲಾದದ್ದು ಆಕೆ ಮಾಡಿದ ಯಾವ ಕೆಲಸದಿಂದಲೂ ಅಲ್ಲ.

ಕಡೆಗೆ, ತಾಯಿಯಿಂದ ಮಾತ್ರ ಬರುತ್ತದೆ ಎಂಬ ನಿಯಮವನ್ನೇ ತೆಗೆದುಕೊಳ್ಳಿ. ತಂದೆಯದು ಏಕೆ ಬರುವುದಿಲ್ಲ? ಅಂಡದಲ್ಲಿ ಲಕ್ಷಕ್ಕೂ ಮೀರಿ ಪ್ರತಿಗಳಿವೆ, ವೀರ್ಯಾಣುವಿನಲ್ಲಿ ಬೆರಳೆಣಿಕೆಯಷ್ಟು, ಆದುದರಿಂದ ಹೊಳೆಯಲ್ಲಿ ಹುಣಿಸೆಹಣ್ಣು ಕದಡಿದಂತೆ ಅವು ಮುಳುಗಿಹೋಗುತ್ತವೆ ಎಂದು ಬಹಳ ಕಾಲ ಹೇಳುತ್ತಿದ್ದರು. 2023ರಲ್ಲಿ ಅಮೆರಿಕದ ಮಿತಾಲಿಪೊವ್ ಮತ್ತು ತೆಮ್ಯಾಕೊವ್ ಅವರ ತಂಡಗಳು ಪ್ರಕಟಿಸಿದ್ದು ಬೇರೆ. ಬಲಿತ ವೀರ್ಯಾಣುವಿನ ಮೈಟೊಕಾಂಡ್ರಿಯದಲ್ಲಿ ಅಖಂಡವಾದ ಡಿ.ಎನ್.ಎ. ಇಲ್ಲವೇ ಇಲ್ಲ. ಏಕೆಂದರೆ ಅಲ್ಲಿ ಟಿ-ಫ್ಯಾಮ್ ಇಲ್ಲ. ವೀರ್ಯಾಣು ಬಲಿಯುವಾಗ ಟಿ-ಫ್ಯಾಮಿನ ಬೇರೊಂದು ರೂಪ ತಯಾರಾಗುತ್ತದೆ. ಅದರ ತುದಿಗೆ ಒಂದು ಫಾಸ್ಫೇಟು ಅಂಟಿಕೊಂಡು, ಮೈಟೊಕಾಂಡ್ರಿಯದ ಬಾಗಿಲು ಅದಕ್ಕೆ ತೆರೆಯುವುದಿಲ್ಲ. ಒಳಗೆ ಹೋಗಬೇಕಾದ ಪಾರುಪತ್ಯಗಾರ ಕೋಶಕೇಂದ್ರದ ಕಡೆಗೆ ತಿರುಗಿಬಿಡುತ್ತಾನೆ. ಕಾಯುವ ಕೈ ಇಲ್ಲದೆ ತಂದೆಯ ಹೊತ್ತಗೆ ಕರಗುತ್ತದೆ. ತಾಯಿಯದು ಮಾತ್ರ ಉಳಿಯಬೇಕೆಂಬ ವ್ಯವಸ್ಥೆಯನ್ನೂ ನಡೆಸುತ್ತಿರುವುದು ಕೋಶಕೇಂದ್ರದ ಜೀನಿನಿಂದ ಆದ ಒಂದು ಪ್ರೋಟೀನೇ.

ನಮ್ಮ ಪಾಠಪುಸ್ತಕಗಳು ಮೈಟೊಕಾಂಡ್ರಿಯವನ್ನು ಜೀವಕೋಶದ ಶಕ್ತ್ಯಾಗಾರವೆಂದು ಕರೆದು, ಅದಕ್ಕೆ ಸ್ವಂತ ಡಿ.ಎನ್.ಎ. ಇದೆ, ಅದು ತಾಯಿಯಿಂದ ಬರುತ್ತದೆ ಎಂದು ಎರಡು ವಾಕ್ಯ ಬರೆದು ಮುಂದಕ್ಕೆ ಹೋಗುತ್ತವೆ. ಉಪಾಧ್ಯಾಯರು ಅಲ್ಲಿ ಮೂರನೆಯದೊಂದು ವಾಕ್ಯವನ್ನು ಸೇರಿಸಿ ಹೇಳಲಿ: ಆ ಡಿ.ಎನ್.ಎ.ಯನ್ನು ಪ್ರತಿಮಾಡುವ, ಓದುವ ಪ್ರೋಟೀನುಗಳೆಲ್ಲ ತಂದೆತಾಯಿಗಳಿಬ್ಬರ ಜೀನುಗಳಿಂದ ಆಗುತ್ತವೆ. ಒಂದು ನಿಮಿಷದ ಕೆಲಸ.

ಈ ಮೂರನೆಯ ವಾಕ್ಯ ಗೊತ್ತಿರದ ಕಾರಣ ವರ್ತಮಾನಪತ್ರಿಕೆಗಳಲ್ಲಿ ಇನ್ನೊಂದು ಹೆಸರೂ ಹಬ್ಬಿದೆ: ‘ಮೂವರು ಪೋಷಕರ ಮಗು’. 2015ರಲ್ಲಿ ಬ್ರಿಟನ್ನು ಕಾನೂನಿನಿಂದ ಒಪ್ಪಿಗೆ ಕೊಟ್ಟ ಕ್ರಮದಲ್ಲಿ, ಕೆಟ್ಟ ಹೊತ್ತಗೆಯಿರುವ ತಾಯಿಯ ಅಂಡದಿಂದ ಕೋಶಕೇಂದ್ರದ ಭಾಗವನ್ನು ತೆಗೆದು, ದಾನಿ ಹೆಂಗಸೊಬ್ಬಳ ಅಂಡದಲ್ಲಿಡುತ್ತಾರೆ. ನ್ಯೂಕ್ಯಾಸಲ್ ನಗರದಲ್ಲಿ ಏಳು ಮಂದಿ ತಾಯಂದಿರಿಗೆ ಹೀಗೆ ಎಂಟು ಮಕ್ಕಳು ಹುಟ್ಟಿದ ವರದಿ 2025ರ ಜುಲೈ ತಿಂಗಳಲ್ಲಿ ಪ್ರಕಟವಾಯಿತು. ಆ ಮಕ್ಕಳಲ್ಲಿ ದಾನಿಯ 37 ಜೀನುಗಳನ್ನು ಸುತ್ತಿಡುತ್ತಿರುವ, ಓದುತ್ತಿರುವ, ಪ್ರತಿಮಾಡುತ್ತಿರುವ ಪ್ರೋಟೀನುಗಳು ಅವರ ಸ್ವಂತ ತಂದೆತಾಯಿಗಳ ಜೀನುಗಳಿಂದ ಆದವು. ಲಿಪಿಕಾರನಲ್ಲಿಯೇ ದೋಷವಿರುವ ದಂಪತಿಗಳಿಗೆ ಈ ಚಿಕಿತ್ಸೆಯಿಂದ ಪ್ರಯೋಜನವಿಲ್ಲ. ಹೊಸ ಹೊತ್ತಗೆಯನ್ನು ತಂದಿಟ್ಟರೂ ಅದನ್ನು ಪ್ರತಿಮಾಡಬೇಕಾದವನು ಆ ಹಳೆಯ ಲಿಪಿಕಾರನೇ. ಅವರು ಮಾಡಿಸಬೇಕಾದದ್ದು ಗಂಡಹೆಂಡಿರಿಬ್ಬರ ಕೋಶಕೇಂದ್ರದ ಜೀನುಗಳ ಪರೀಕ್ಷೆ. ಅಂಥವರ ಪ್ರತಿಯೊಂದು ಗರ್ಭದಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಅದರಲ್ಲಿ ಇಬ್ಬರದೂ ಸಮಪಾಲು.